ಎರಡು ನಿಮಿಷ ಮಾತಾಡಬ್ಯಾಡ್ರಿ

ಶಾ ಬಜಾರದಾಗ ನನ್ನ ಅಂಗಡಿ, ಹಲ್ಲಿನ ಸೆಟ್ಟು ಕಟ್ಟೋ ಕೆಲಸ.
ಗುಲಾಬಿ ಹಿಟ್ಟು ಕಲಸಿ ಬೋಳು ಬಾಯೊಳಗ ತುಂಬ್ತೀನಿ,
‘ಮುಚ್ಚರಿ, ಎರಡು ನಿಮಿಷ ಮಾತಾಡಬ್ಯಾಡ್ರಿ’ ಅಂತೀನಿ.
ಒಬ್ಬರೂ ಕೇಳಂಗಿಲ್ಲ.
ಸೊಸೀ ಸುದ್ದಿ, ಪಿಂಚಣಿ ಸುದ್ದಿ,
ನಾಲಗಿ ಹೊರಳಿದ ಗುರುತು ಅಚ್ಚಿನೊಳಗ ಬೀಳ್ತದ.

ಮನೀಗಿ ಬಂದ್ರ ಮೂಲ್ಯಾಗ ಗಾಜಿನ ಪೆಟಗಿ.
ಅದರಾಗ ಒಬ್ಬವ ಅದಾನ,
ಹದಿನೇಳು ದಿನ ಬಾಯಿ ತೆರೀದೇ ಇದ್ದವ.

ಬೆಟ್ಟಾ ಅಂತ ಹೆಸರು. ಉದ್ದ, ನನ್ನ ಕಿರುಬೆರಳಿನ ಎರಡು ಗೆಣ್ಣು.
ಜಬ್ಬಾರ ಮೊದಲ ಸಲ ಹೇಳಿದಾಗ ನಕ್ಕೆ:
ಗುಡ್ಡ ಸಿಗದ ಊರಿಗಿ ಬೆಟ್ಟ ತರಾಕ
ಮದ್ರಾಸಿನ ತನಕ ಹೋಗ್ಬೇಕೇನೋ?
ಹೋದ. ತಂದ. ರೈಲಿನಾಗ, ತೊಡಿ ಮ್ಯಾಲ ಥರ್ಮಾಕೋಲ್ ಡಬ್ಬಿ,
ವಾಡಿ ದಾಟೂ ತನಕ ಕಣ್ಣು ಮುಚ್ಚಲಿಲ್ಲಂತ.

ಬೋರ್ನಿಯೋ ಕಾಡಿನ ಹಳ್ಳದ ಮೀನು.
ಎಲಿ ಕೊಳತ ನೀರು, ಚಹಾದ ಬಣ್ಣ, ಹಗಲೆಲ್ಲ ನೆರಳು.
ಕಲಬುರಗಿ ಏನು ಕೊಡ್ತದ?
ಕೊಡಕ್ಕ ಸುಣ್ಣ ಕಟ್ಟೋ ಬೋರಿನ ನೀರು, ನಾಲ್ವತ್ಮೂರು ಡಿಗ್ರಿ ಬಿಸಲು.
ಹಿಂದಿನ ಮಳಿಗಾಲನ್ನ ಡ್ರಮ್ಮಿನಾಗ ಹಿಡದಿಟ್ಟೆ.
ಕೋರ್ಟಿನ ಕಂಪೌಂಡಿನಾಗ ಕಾಡು ಬಾದಾಮಿ ಎಲಿ ಆರಿಸಿದೆ,
ಕಾವಲುಗಾರ ಕೇಳಿದ: ಔಷಧಕ್ಕೇನ್ರಿ?
ಹೂಂ ಅಂದೆ.
ಕರೆಂಟು ಹೋದ ಮಧ್ಯಾಹ್ನ ಪೆಟಗಿಗಿ ಹಸಿ ಗೋಣಿತಟ್ಟು ಹೊದಿಸಿದೆ.
‘ನನಗ ಒಂದಿನಾರೆ ಹಿಂಗ ಹೊದಿಸೀರೇನು’ ಅಂದ್ಳು ಚಂದ್ರಭಾಗಾ,
ಅಂದು, ಆಕೀನೇ ಇನ್ನೊಂದು ತಂಬಿಗಿ ಸುರವಿದ್ಳು.

ಅವು ಕೂಡೋದು ನೋಡೀನಿ.
ಅವ ಆಕೀ ಸುತ್ತ ಬಿಲ್ಲಿನಂಗ ಬಾಗ್ತಾನ,
ಇಬ್ಬರೂ ಒಂದು ಗಳಿಗಿ ಸತ್ತಂಗ ನಿಲ್ತಾರ,
ತತ್ತಿ ಉದರ್ತಾವ, ಸಜ್ಜಿ ಕಾಳಿನಷ್ಟು, ಬೆಳ್ಳಗ.
ಆಕಿ ಒಂದೊಂದೇ ಆರಸ್ಕೊಂಡು ಅವನ ಮಾರಿ ಮುಂದ ಉಗುಳ್ತಾಳ.
ಅವ ಹಿಡದ್ರ ಆತು. ಹಿಡೀದಿದ್ರ
ತಾನೇ ಬಾಯಾಗ ತಗೊಂಡು ಮತ್ತ ಉಗುಳ್ತಾಳ.
ತಗೋ. ತಗೋ. ಇದನ್ನೂ ತಗೋ.
ಆಮ್ಯಾಲ ತಾ ಹೊಟ್ಟಿತುಂಬ ಉಣ್ಣಲಕ್ಕ ಹೋಗ್ತಾಳ.

ಹೋದ ಸಲ, ನಾಲ್ಕನೇ ರಾತ್ರಿ, ತಡೀಲಾರದೆ ಟಾರ್ಚ್ ಹಾಕಿದೆ,
ಗದ್ದದ ತೊಗಲಿನ ಹಿಂದ ಕಪ್ಪು ಚುಕ್ಕಿ ಕಾಣ್ತಾವೇನು ಅಂತ.
ಅವ ನನ್ನ ನೋಡ್ದ.
ಗಂಟಲ ಒಮ್ಮೆ ಹೊರಳಿತು.
ಮರುದಿನ ಗದ್ದ ಸಪಾಟ. ಕಸುಬಿನ ಕಣ್ಣು ನಂದು,
ಖಾಲಿ ಬಾಯಿ ದೂರದಿಂದಲೇ ಗೊತ್ತಾಗ್ತದ.
ಜಬ್ಬಾರಗ ‘ಬಿಸಲಿಗಿ ಆಗ್ಯದ’ ಅಂದೆ.
ಟಾರ್ಚಿನ ಸೆಲ್ಲು ತೆಗದು ಎಸದೆ. ಅದು ಅವಗ ಹೆಂಗ ಗೊತ್ತಾಗಬೇಕು?

ಈ ಸಲ ಗಾಜಿಗಿ ನಾಲ್ಕೂ ಕಡಿ ಹಳೀ ಪೇಪರ್ ಅಂಟಿಸಿದೆ.
ಹನ್ನೊಂದನೇ ದಿನ ನೋಡ್ತೀನಿ, ಒಂದು ಮೂಲಿ ಹರದಿತ್ತು,
ಉಗುರಿನಷ್ಟು.
ನಾ ಹರದಿಲ್ಲ.
ಆಕಿ ಒಲಿ ಕಡಿ ಮಾರಿ ಮಾಡಿ ರೊಟ್ಟಿ ಬಡೀಲಕತ್ತಿದ್ಳು,
ಎಂದಿಗಿಂತ ಜರಾ ಮೆಲ್ಲಗ.

ಹದಿನೆಂಟನೇ ಮುಂಜಾನಿ, ತೇಲೋ ಎಲಿ ಕೆಳಗ ಕಣ್ಣುಗಳು,
ಪ್ರತಿ ಜೋಡಿಗಿ ಒಂದು ಎಳೀ ಬಾಲ.
ಎಣಿಸಿದ್ವಿ, ಹನ್ನೊಂದು. ಮಧ್ಯಾಹ್ನ ಒಂಬತ್ತು.
ಎರಡು ಎಲಿ ಹಿಂದ ಇರಬಹುದು.
ಅವರವ್ವನ ಹೊಟ್ಟ್ಯಾಗೂ ಇರಬಹುದು.

ಅವ ಒಣಗಿ ಹೋಗಿದ್ದ, ತಲೀ ಅಷ್ಟೇ ದೊಡ್ಡದು.
ಸೊಳ್ಳಿ ಹುಳ ಬಿಟ್ಟೆ, ಮೂಗಿನ ಮುಂದ ಕುಣೀತು.
ಬಾಯಿ ತೆರದ, ತಪ್ಪಿತು. ಮತ್ತ ತೆರದ, ತಪ್ಪಿತು.
ಹೊಸಾ ಸೆಟ್ಟು ಹಾಕಿಸ್ಕೊಂಡ ಮಂದಿನೂ ಮೊದಲ ದಿನ ಹಿಂಗೇ,
ರೊಟ್ಟಿ ತುಣುಕು ಕೈಯಾಗ ಹಿಡಕೊಂಡು ನನ್ನ ಮಾರಿ ನೋಡ್ತಾರ.
ಅವರಿಗಿ ಹೇಳೋ ಮಾತೇ ಬಂತು:
ಸಾವಕಾಶ್ರಿ. ಒಂದು ಕಡೀಂದ ಕಡೀರಿ.
ರೂಢಿ ಆಗ್ತದ.